ಕೊನೇ ಹತ್ತು ಸೆಕೆಂಡು ಮತ್ತು ಅಂಚೆಚೀಟಿ ಹುಚ್ಚರು

ಇಬೇಯಲ್ಲಿ ಹಳೇ ಅಂಚೆಚೀಟಿ ಕೊಳ್ಳೋರಿಗೆ ಈ ಲೆಕ್ಕ ಗೊತ್ತಿರುತ್ತೆ. ನಾನು ಕೊಡಬಲ್ಲ ಗರಿಷ್ಠ ಬೆಲೆ 100 ಡಾಲರ್ ಅಂತ ಗುಟ್ಟಾಗಿ ಬರೆದಿಟ್ಟರೆ, ನನ್ನ ಪರವಾಗಿ ಕಂಪ್ಯೂಟರ್ರೇ ಕೂಗುತ್ತೆ. ಉಳಿದವರೆಲ್ಲ 40ಕ್ಕೆ ನಿಂತುಬಿಟ್ಟರೆ, ನಾನು ಕೊಡಬೇಕಾದ್ದು 40ಕ್ಕಿಂತ ಒಂಚೂರು ಜಾಸ್ತಿ, ಅಷ್ಟೇ!

ಅರ್ಥಶಾಸ್ತ್ರಜ್ಞರು ಇಂಥ ಹರಾಜನ್ನ ವಿಕ್ರಿ ಹರಾಜು ಅಂತಾರೆ. ವಿಲಿಯಂ ವಿಕ್ರಿ 1961ರಲ್ಲಿ ಇದರ ಗಣಿತ ಬರೆದರು. ಗೆದ್ದವನು ಎರಡನೆಯವನ ಬೆಲೆ ಕೊಡೋದಾದರೆ ಸುಳ್ಳು ಹೇಳಿ ಲಾಭವಿಲ್ಲ, ಮನಸ್ಸಿನಲ್ಲಿರೋ ಬೆಲೆ ಬರೆಯೋದೇ ಜಾಣತನ ಅಂತ ತೋರಿಸಿದರು. 1996ರಲ್ಲಿ ನೊಬೆಲ್ ಘೋಷಣೆಯಾಗಿ ಮೂರೇ ದಿನಕ್ಕೆ ತೀರಿಕೊಂಡರು, ಪಾಪ.

ಆದರೆ ಅಂಚೆಚೀಟಿ ಸಂಗ್ರಾಹಕರು ಅವರಿಗಿಂತ 68 ವರ್ಷ ಮುಂದಿದ್ರು! ಡೇವಿಡ್ ಲಕಿಂಗ್-ರೈಲಿ ಅನ್ನೋ ಅರ್ಥಶಾಸ್ತ್ರಜ್ಞ 2000ದಲ್ಲಿ ಇದನ್ನ ಬರೆದರು. ಅಮೆರಿಕಾದ ಮ್ಯಾಸಚೂಸೆಟ್ಸ್‌ನ ನಾರ್ಥಾಂಪ್ಟನ್ ಊರಲ್ಲಿ, 1893ರಲ್ಲೇ, ವೈನ್‌ರೈಟ್ ಅಂಡ್ ಲೂಯಿಸ್ ಅನ್ನೋರು ಬರೀ ಅಂಚೆ ಮೂಲಕ ಇಂಥದೇ ಹರಾಜು ನಡೆಸಿದ್ರಂತೆ. ದೂರದೂರಿನವರು ಹರಾಜಿಗೆ ಬರೋಕಾಗಲ್ಲ, ಕಾಗದ ಬರೀತಾರೆ. ಅವರಿಗೆ ಮೋಸ ಆಗಬಾರದು ಅಂತ ಹುಟ್ಟಿದ ಉಪಾಯ ಇದು.

ತೊಡಕು ಇರೋದು ನಂಬಿಕೆಯಲ್ಲಿ. ಲಕೋಟೆ ಒಡೆಯೋನು ಹರಾಜುಗಾರ. "ಎರಡನೆಯವರು 95 ಬರೆದಿದಾರೆ ಸ್ವಾಮೀ" ಅಂದುಬಿಟ್ಟರೆ? ಇಬೇಯಲ್ಲಿ ಲಕೋಟೆ ಕಂಪ್ಯೂಟರಿನ ಕೈಲಿದೆ, ಸರಿ. ಆದರೆ ಮಾರೋನ ಗೆಳೆಯನೇ ಕಳ್ಳಹೆಸರಲ್ಲಿ ಬೆಲೆ ಏರಿಸಬಹುದಲ್ಲ!

ಅದಕ್ಕೇ ಪಳಗಿದ ಸಂಗ್ರಾಹಕರು ಕೊನೇ ಹತ್ತು ಸೆಕೆಂಡಿನವರೆಗೆ ಬಾಯೇ ಬಿಡಲ್ಲ. ಏರಿಸೋರಿಗೆ ಸಮಯ ಸಿಗಲ್ಲ, ಯಾವ ಚೀಟಿ ಅಪರೂಪದ್ದು ಅನ್ನೋ ಗುಟ್ಟೂ ಹೊರಬೀಳಲ್ಲ. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಆಕೆನ್‌ಫೆಲ್ಸ್ 2002ರಲ್ಲಿ ಇದನ್ನೇ ಅಂಕಿಗಳಲ್ಲಿ ತೋರಿಸಿದರು. ಇಬೇಯಲ್ಲಿ ಕಂಪ್ಯೂಟರಿಗಿಂತ ಹಳೇ ವಸ್ತುಗಳಿಗೇ ಕೊನೇ ಕ್ಷಣದ ಕೂಗು ಹೆಚ್ಚು. ಆಗ ಅಮೆಜಾನ್ ಕೂಡ ಹರಾಜು ನಡೆಸ್ತಿತ್ತು. ಅಲ್ಲಿ ಕೊನೇಲಿ ಕೂಗಿದರೆ ಹರಾಜೇ ಹತ್ತು ನಿಮಿಷ ಮುಂದಕ್ಕೆ ಹೋಗ್ತಿತ್ತು, ಹಾಗಾಗಿ ಈ ಚಾಳಿ ತುಂಬಾ ಕಡಿಮೆ.

ನನ್ನ ಪಾಠ ಇಷ್ಟೇ: ಬೆಲೆಯನ್ನ ಮೊದಲೇ ತೀರ್ಮಾನಿಸಿ, ಕೊನೇಲಿ ಒಂದೇ ಸಲ ಬರೆಯಿರಿ. ಸೋತರೆ, ಅದು ನಮಗೆ ಅಷ್ಟು ಬೆಲೆಯದ್ದಲ್ಲ ಅಂತ ನಾವೇ ಹೇಳಿದ್ವಲ್ಲ... ಇನ್ನು ಬೇಜಾರೇಕೆ?

ನಿಮ್ಮ ಉಪಾಯ ಏನು?