ಇಂಟರ್ನೆಟ್ ಇಲ್ಲದ ಕೋಣೆಯಲ್ಲಿ ಲೋಪಗಳ ಹುಡುಕಾಟ

2012ರ ಆಗಸ್ಟ್ 27ರಂದು ಕತಾರಿನ ರಾಸ್‌ಗ್ಯಾಸ್ ಕಂಪನಿಯ ಕಚೇರಿ ಕಂಪ್ಯೂಟರುಗಳಿಗೆ ವೈರಸ್ ಹೊಕ್ಕಿತು. ಇಮೇಲ್ ನಿಂತಿತು, ವೆಬ್‌ಸೈಟ್ ಬಂದ್ ಆಯಿತು. ಅನಿಲ ಉತ್ಪಾದನೆಗೆ ಮಾತ್ರ ಏನೂ ಆಗಿಲ್ಲ ಎಂದು ಕಂಪನಿ ಹೇಳಿತು. ಹನ್ನೆರಡು ದಿನ ಮೊದಲಷ್ಟೇ ಪಕ್ಕದ ಸೌದಿ ಅರಾಮ್ಕೋದಲ್ಲಿ ಶಮೂನ್ ಎಂಬ ವೈರಸ್ ಸುಮಾರು 30,000 ಕಂಪ್ಯೂಟರುಗಳನ್ನು ಅಳಿಸಿಹಾಕಿತ್ತು. ಅಲ್ಲೂ ತೈಲ ನಿಲ್ಲಲಿಲ್ಲ. ಸ್ಥಾವರದ ಜಾಲ ಕಚೇರಿಯ ಜಾಲದಿಂದ ಬೇರೆಯಾಗಿತ್ತು ಎಂಬುದು ಅರಾಮ್ಕೋ ಕೊಟ್ಟ ಕಾರಣ.

ಜಾಲವನ್ನು ಹೊರಗಿನಿಂದ ಕಡಿದುಬಿಟ್ಟರೆ ನೆಮ್ಮದಿ ಎಂದುಕೊಳ್ಳುವುದು ಸುಲಭ. ಆದರೆ 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ ಇರಾನಿನ ನತಾಂಜ್ ಅಣು ಸ್ಥಾವರವನ್ನು ಹೊಕ್ಕಿದ್ದು ಇಂಟರ್ನೆಟ್ ಮೂಲಕವಲ್ಲ. ಅದು ಪೆನ್‌ಡ್ರೈವ್‌ನಲ್ಲೂ ಹರಡಬಲ್ಲದಾಗಿತ್ತು. ಹಾಗಾಗಿ ಒಳಗಿರುವ ತಂತ್ರಾಂಶದಲ್ಲಿ ಯಾವ್ಯಾವ ಲೋಪಗಳಿವೆ ಎಂಬುದು ಒಳಗಿನವರಿಗೂ ಗೊತ್ತಿರಬೇಕು. ಆದರೆ ಅದನ್ನು ತಿಳಿಸುವ ಪಟ್ಟಿ ಇರುವುದು ಹೊರಗೆ, ಇಂಟರ್ನೆಟ್‌ನಲ್ಲಿ. ಆಫ್‌ಲೈನ್ ಡೇಟಾಬೇಸುಗಳು ಬೆಳೆದದ್ದು ಈ ಇಕ್ಕಟ್ಟಿನಿಂದ.

ಮೊದಲು ಒಂದೇ ಪಟ್ಟಿ ಅಂತ ಇರಲಿಲ್ಲ. 1988ರಲ್ಲಿ ಮಾರಿಸ್ ವರ್ಮ್ ಎಂಬ ತಾನೇ ಹರಡುವ ಕುತಂತ್ರಾಂಶದ ಹಾವಳಿಯಾದ ಮೇಲೆ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ದಾಳಿಗಳಿಗೆ ಸ್ಪಂದಿಸುವ ಸರ್ಟ್ ಕೇಂದ್ರ ಹುಟ್ಟಿತು. 1990ರ ದಶಕದಲ್ಲಿ ಲೋಪ ಹುಡುಕುವ ಸ್ಕ್ಯಾನರ್ ತಂತ್ರಾಂಶದ ಒಂದೊಂದು ಕಂಪನಿ ಒಂದೇ ಲೋಪವನ್ನು ಒಂದೊಂದು ಹೆಸರಿನಿಂದ ಕರೆಯುತ್ತಿತ್ತು. ಎರಡು ವರದಿಗಳನ್ನು ಹೋಲಿಸುವುದೇ ಒಂದು ಉದ್ಯೋಗ. 1999ರಲ್ಲಿ ಮೈಟರ್ ಸಂಸ್ಥೆಯ ಡೇವಿಡ್ ಮ್ಯಾನ್, ಸ್ಟೀವನ್ ಕ್ರಿಸ್ಟಿ ಪ್ರತಿ ಲೋಪಕ್ಕೂ ಒಂದೇ ಗುರುತಿನ ಸಂಖ್ಯೆ ಇರಲಿ ಎಂದರು. 321 ನಮೂದುಗಳೊಂದಿಗೆ ಸಿವಿಇ ಪಟ್ಟಿ ಶುರುವಾಯಿತು. 2024ರಲ್ಲಿ ಒಂದೇ ವರ್ಷಕ್ಕೆ ಸುಮಾರು 40,000 ಸೇರಿವೆ. 2005ರಲ್ಲಿ ಅಮೆರಿಕ ಸರ್ಕಾರದ ಎನ್‌ವಿಡಿ ಡೇಟಾಬೇಸ್ ಬಂತು. ಲೋಪ ಎಷ್ಟು ಗಂಭೀರ, ಯಾವ ಆವೃತ್ತಿಗೆ ತಗಲುತ್ತದೆ ಎಂಬ ವಿವರ ಜೋಡಿಸುವುದು ಅದರ ಕೆಲಸ. ಅದೇ ವರ್ಷದ ಕೊನೆಗೆ ಕತಾರ್ ಕೂಡ ಕಾರ್ನೆಗಿ ಮೆಲನ್‌ನವರನ್ನೇ ಜೊತೆಗಿಟ್ಟುಕೊಂಡು ಕ್ಯೂ-ಸರ್ಟ್ ಎಂಬ ತನ್ನದೇ ಕೇಂದ್ರ ಕಟ್ಟಿತು. 2021ರಲ್ಲಿ ರಾಷ್ಟ್ರೀಯ ಸೈಬರ್ ಭದ್ರತಾ ಸಂಸ್ಥೆಯನ್ನೇ ಸ್ಥಾಪಿಸಿತು.

ಪಟ್ಟಿಯನ್ನು ಕಡತವಾಗಿ ಇಳಿಸಿಕೊಳ್ಳುವ ಸವಲತ್ತು ಇದ್ದುದೇ ಆಫ್‌ಲೈನ್ ಬಳಕೆಗೆ ದಾರಿಯಾಯಿತು. ಸಿವಿಇ-ಸರ್ಚ್ ಎಂಬ ಮುಕ್ತ ತಂತ್ರಾಂಶ ಇಡೀ ಸಂಗ್ರಹವನ್ನು ನಮ್ಮದೇ ಸರ್ವರಿನ ಮಾಂಗೋಡಿಬಿ ಡೇಟಾಬೇಸಿಗೆ ತುಂಬಿಸುತ್ತದೆ. ನೀವು ಏನನ್ನು ಹುಡುಕುತ್ತಿದ್ದೀರಿ ಎಂಬುದು ಹೊರಗಿನವರಿಗೆ ತಿಳಿಯದು ಎಂಬುದು ಇದರ ಇನ್ನೊಂದು ಲಾಭ. ಅನಿಲ ಸ್ಥಾವರದ ನಿಯಂತ್ರಕದ ಹೆಸರನ್ನು ಆವೃತ್ತಿಯ ಸಮೇತ ಪರರ ವೆಬ್‌ಸೈಟಿನಲ್ಲಿ ಟೈಪ್ ಮಾಡುವುದೂ ಮಾಹಿತಿ ಸೋರಿಕೆಯೇ.

ಇನ್ನೊಂದು ಕವಲು ದಾಳಿಕೋರರ ಕಡೆಯಿಂದ ಬಂತು. ದಾಳಿ ಸಂಕೇತಗಳನ್ನು ಕೂಡಿಟ್ಟಿದ್ದ ಮಿಲ್ವರ್ಮ್ ತಾಣದ ಸಂಗ್ರಹವನ್ನು 2009ರಲ್ಲಿ ಅಫೆನ್ಸಿವ್ ಸೆಕ್ಯುರಿಟಿ ಸಂಸ್ಥೆ ವಹಿಸಿಕೊಂಡು ಎಕ್ಸ್‌ಪ್ಲಾಯ್ಟ್ ಡೇಟಾಬೇಸ್ ಎಂದು ಮುಂದುವರಿಸಿತು. ಅದರ ಪ್ರತಿ ಭದ್ರತಾ ಪರೀಕ್ಷಕರ ಕಾಲಿ ಲಿನಕ್ಸ್‌ನಲ್ಲಿ ಸಿಗುತ್ತದೆ. ಸರ್ಚ್‌ಸ್ಪ್ಲಾಯ್ಟ್ ಎಂಬ ಆಜ್ಞೆ ಇಂಟರ್ನೆಟ್ ಇಲ್ಲದೆಯೇ ಅದನ್ನು ಜಾಲಾಡುತ್ತದೆ. 'ಅಪಾಚೆ 2.4.49' ಎಂದು ಕೊಟ್ಟರೆ ಸಿವಿಇ-2021-41773ರ ದಾಳಿ ಸಂಕೇತ ಪರದೆಗೆ ಬರುತ್ತದೆ.

ಅಪಾಚೆ ಎಂಬ ವೆಬ್ ಸರ್ವರ್ ತಂತ್ರಾಂಶದ ಈ ಲೋಪದ ಕಥೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅದನ್ನು ಸರಿಪಡಿಸಿದ 2.4.50 ಆವೃತ್ತಿ 2021ರ ಅಕ್ಟೋಬರ್ 4ರಂದು ಬಂತು. ಆ ರಿಪೇರಿ ಅರೆಬರೆಯಾಗಿತ್ತು. ಅಕ್ಟೋಬರ್ 7ಕ್ಕೆ ಸಿವಿಇ-2021-42013 ಎಂಬ ಹೊಸ ಸಂಖ್ಯೆಯೂ 2.4.51 ಆವೃತ್ತಿಯೂ ಹೊರಬಿದ್ದವು. ನಡುವೆ, ಅಕ್ಟೋಬರ್ 5ರಂದು, ಯಾರಾದರೂ ಪ್ರತಿ ಇಳಿಸಿಕೊಂಡು ಒಳಗೆ ಒಯ್ದಿದ್ದರೆ ಆ ಡೇಟಾಬೇಸ್ '2.4.50 ಹಾಕಿದರೆ ಸಾಕು' ಎಂದೇ ಹೇಳುತ್ತಿತ್ತು. ಹೋದ ವರ್ಷದ ಪಂಚಾಂಗ ನೋಡಿ ಮುಹೂರ್ತ ಇಟ್ಟ ಹಾಗೆ. ಎಷ್ಟು ಲಕ್ಷ ನಮೂದುಗಳಿವೆ ಎಂದು ಬೀಗುವ ಮಾರಾಟಗಾರರನ್ನು ನಾನು ಮೊದಲು ಕೇಳುವುದು ಪ್ರತಿಯ ದಿನಾಂಕವನ್ನು.

ತದ್ವಿರುದ್ಧದ ತಪ್ಪೂ ಇದೆ. ರೆಡ್ ಹ್ಯಾಟ್, ಡೆಬಿಯನ್‌ನಂಥ ಲಿನಕ್ಸ್ ವಿತರಕರು ಹಳೆಯ ಆವೃತ್ತಿಗೇ ತೇಪೆ ಹಚ್ಚುತ್ತಾರೆ. ಮೂಲ ಆವೃತ್ತಿಯ ಸಂಖ್ಯೆ ಹಾಗೆಯೇ ಉಳಿಯುತ್ತದೆ. ಸಂಖ್ಯೆಯನ್ನಷ್ಟೇ ನೋಡುವ ಹುಡುಕಾಟ ಸರಿಯಾಗಿರುವುದನ್ನೂ ಲೋಪ ಎಂದು ತೋರಿಸಿ ವರದಿಯನ್ನು ಉಬ್ಬಿಸುತ್ತದೆ. ಟ್ರಿವಿಯಂಥ ಈಚಿನ ಸಾಧನಗಳು ಆಯಾ ವಿತರಕರ ಪ್ರಕಟಣೆಗಳನ್ನೇ ಆಧರಿಸುವುದರಿಂದ ಈ ಕಾಟ ಕಡಿಮೆಯಾಗಿದೆ. ಟ್ರಿವಿಯ ಡೇಟಾಬೇಸನ್ನು ಬೇರೊಂದು ಕಂಪ್ಯೂಟರಿನಲ್ಲಿ ಇಳಿಸಿ, ಒಳಗೆ ಸಾಗಿಸಿ, ಅಪ್‌ಡೇಟ್ ಹುಡುಕಬೇಡ ಎಂಬ ಸೂಚನೆಯೊಂದಿಗೆ ಓಡಿಸಬಹುದು.

ಸ್ಥಾವರಗಳಲ್ಲಿ ಆಫ್‌ಲೈನ್ ಹುಡುಕಾಟಕ್ಕೆ ಮತ್ತೊಂದು ಬಲವಾದ ಕಾರಣವಿದೆ. ಯಂತ್ರಗಳನ್ನು ನಿಯಂತ್ರಿಸುವ ಹಳೆಯ ಪಿಎಲ್‌ಸಿಗಳು ಸ್ಕ್ಯಾನರಿನ ಪ್ರಶ್ನೆಗಳ ಸುರಿಮಳೆ ತಡೆಯದೆ ಸ್ತಬ್ಧವಾಗಿಬಿಡಬಹುದು. ಅದಕ್ಕೇ ಯಂತ್ರವನ್ನು ಮುಟ್ಟದೆ, ಉಪಕರಣಗಳ ಪಟ್ಟಿಯನ್ನು ಲೋಪಗಳ ಪಟ್ಟಿಯೊಂದಿಗೆ ತಾಳೆ ನೋಡುವುದು ಕ್ಷೇಮ. ಉಪಕರಣಗಳ ಪಟ್ಟಿ ನೆಟ್ಟಗಿರಬೇಕು, ಅಷ್ಟೆ. ಹೆಚ್ಚಿನ ಕಡೆ ಎಡವುವುದು ಅಲ್ಲೇ.

ಈ ಸಂಗ್ರಹಗಳೇನೂ ಶಾಶ್ವತವಲ್ಲ. ಒಎಸ್‌ವಿಡಿಬಿ ಎಂಬ ಮುಕ್ತ ಡೇಟಾಬೇಸ್ 2016ರ ಏಪ್ರಿಲ್‌ನಲ್ಲಿ ಬಾಗಿಲು ಹಾಕಿತು. 2024ರ ಫೆಬ್ರವರಿಯಿಂದ ಎನ್‌ವಿಡಿಯಲ್ಲಿ ವಿವರ ಜೋಡಿಸುವ ಕೆಲಸ ಕುಂಟತೊಡಗಿ, ಸಂಖ್ಯೆ ಇದ್ದೂ ಆವೃತ್ತಿಯ ಮಾಹಿತಿ ಇಲ್ಲದ ನಮೂದುಗಳು ರಾಶಿ ಬಿದ್ದವು. ಅಂಥ ನಮೂದು ಆವೃತ್ತಿ ನೋಡಿ ಹುಡುಕುವವರ ಕೈಗೆ ಸಿಗುವುದೇ ಇಲ್ಲ. 2025ರ ಏಪ್ರಿಲ್‌ನಲ್ಲಿ ಸಿವಿಇಯ ಸರ್ಕಾರಿ ಹಣವೇ ನಿಲ್ಲುವ ಸ್ಥಿತಿ ಬಂದು, ಕೊನೆ ಗಳಿಗೆಯಲ್ಲಿ ಹನ್ನೊಂದು ತಿಂಗಳ ವಿಸ್ತರಣೆ ಸಿಕ್ಕಿತು. ಮರುತಿಂಗಳೇ ಯುರೋಪ್ ತನ್ನ ಪ್ರತ್ಯೇಕ ಡೇಟಾಬೇಸ್ ತೆರೆಯಿತು. ಒಂದೇ ಮೂಲವನ್ನು ನೆಚ್ಚಿ ಕೂರುವ ಕಾಲ ಮುಗಿದಿದೆ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು: ಯಾವ ಸಿವಿಇ ಪಟ್ಟಿಯೂ ಶಮೂನನ್ನು ತಡೆಯುತ್ತಿರಲಿಲ್ಲ. ಅದು ಒಳಜಾಲದಲ್ಲಿ ಹರಡಿದ್ದು ಹಂಚಿಕೆಯ ಫೋಲ್ಡರುಗಳ ಮೂಲಕ. ಪಟ್ಟಿ ಹೇಳುವುದು ಗೊತ್ತಿರುವ ಲೋಪಗಳನ್ನು ಮಾತ್ರ.

ದೋಹಾದಲ್ಲೋ ಬೆಂಗಳೂರಿನಲ್ಲೋ ಇಂಥ ಕೋಣೆಗಳಲ್ಲಿ ಕೆಲಸ ಮಾಡುವ ಕನ್ನಡದ ಇಂಜಿನಿಯರುಗಳಲ್ಲಿ ಒಂದು ಕೋರಿಕೆ. ಲೋಪಗಳ ವರದಿ ಬರೆಯುವಾಗ ಡೇಟಾಬೇಸಿನ ಪ್ರತಿ ಯಾವ ದಿನದ್ದು, ಯಾವ ಮೂಲದ್ದು ಎಂಬುದನ್ನು ಮೊದಲ ಪುಟದಲ್ಲೇ ನಮೂದಿಸಿ. ಪ್ರತಿ ಒಂದು ವಾರಕ್ಕಿಂತ ಹಳೆಯದಾಗಿದ್ದರೆ 'ಲೋಪ ಇಲ್ಲ' ಎಂದು ಬರೆಯಬೇಡಿ; 'ಆ ದಿನದವರೆಗೆ ಕಂಡಿಲ್ಲ' ಎಂದು ಬರೆಯಿರಿ.