ಕಂಠೀರವದಲ್ಲಿ ಬಿದ್ದವರು

ಬೆಂಗಳೂರಿನ ಯಾವ ಟೆಕ್ ಪಾರ್ಕಿನ ಕ್ಯಾಂಟೀನ್ ಆದರೂ ಸರಿ, ನಮ್ಮವರೂ ಮಲಯಾಳಿಗಳೂ ಒಂದೇ ಟೇಬಲ್ಲಿಗೆ ಕೂತಾಗ ‘ಛೆಟ್ರಿ ಫ್ರೀ ಕಿಕ್’ ಅಂತ ಒಂದು ಮಾತು ಹಾಕಿ ನೋಡಿ. ಊಟ ಆರಿಹೋಗುತ್ತೆ, ವಾದ ಆರಲ್ಲ.

ನಡೆದದ್ದು ಇಷ್ಟು. 2023ರ ಮಾರ್ಚ್ 3, ಶ್ರೀ ಕಂಠೀರವ ಕ್ರೀಡಾಂಗಣ. ಐಎಸ್‌ಎಲ್ ನಾಕೌಟ್‌ನಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್. 90 ನಿಮಿಷ ಮುಗಿದರೂ ಗೋಲಿಲ್ಲ. ಹೆಚ್ಚುವರಿ ಅವಧಿಯಲ್ಲಿ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳದವರು ಇನ್ನೂ ಗೋಡೆ ಕಟ್ಟಿ ನಿಲ್ಲುವ ಮೊದಲೇ ಸುನಿಲ್ ಛೆಟ್ರಿ ಚೆಂಡನ್ನು ಬಲೆಗೆ ಕಳಿಸಿಬಿಟ್ಟರು. ರೆಫ್ರಿ ಕ್ರಿಸ್ಟಲ್ ಜಾನ್ ಗೋಲು ಅಂದರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮಾನೊವಿಚ್ ಇಡೀ ತಂಡವನ್ನೇ ಮೈದಾನದಿಂದ ಆಚೆ ಕರೆದುಕೊಂಡು ಹೋದರು. ಪಂದ್ಯ ಬೆಂಗಳೂರಿನ ಪಾಲಾಯಿತು. ಆಮೇಲೆ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚ್‌ಗೆ 10 ಪಂದ್ಯಗಳ ನಿಷೇಧ.

ವಾದ ನಿಂತಿರೋದು ಒಂದು ಸಣ್ಣ ವಿಷಯದ ಮೇಲೆ. ಫ್ರೀ ಕಿಕ್ ಸಿಕ್ಕವನು ಬೇಕಿದ್ದರೆ ಸೀಟಿಗೆ ಕಾಯದೆ ತಕ್ಷಣ ಒದೆಯಬಹುದು. ಆದರೆ ಎದುರಾಳಿಗಳನ್ನು 9.15 ಮೀಟರ್ ಹಿಂದೆ ಸರಿಸಿ ಅಂತ ರೆಫ್ರಿಯನ್ನು ಕೇಳಿಕೊಂಡರೆ ಸೀಟಿ ಊದುವ ತನಕ ಕಾಯಲೇಬೇಕು. ಅವತ್ತು ನಡೆದದ್ದು ಯಾವುದು ಅನ್ನೋದೇ ಜಗಳ.

ಈ ಗದ್ದಲದಲ್ಲಿ ಒಂದು ಸುದ್ದಿ ಮುಚ್ಚಿಹೋಯಿತು. ಮರುದಿನ, ಮಾರ್ಚ್ 4ರಂದು, ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೂ ಮುಂಚೆ ನಾವು ಅದನ್ನು ಗೆದ್ದಿದ್ದು 1968-69ರಲ್ಲಿ, ರಾಜ್ಯದ ಹೆಸರು ಇನ್ನೂ ಮೈಸೂರು ಅಂತಿದ್ದಾಗ. ಅಷ್ಟು ವರ್ಷ ಕಾದು ಗೆದ್ದ ಕಪ್ಪಿನ ಬಗ್ಗೆ ನನ್ನ ಜೊತೆ ಯಾರೂ ವಾದ ಮಾಡಿಲ್ಲ. ಫ್ರೀ ಕಿಕ್ ಬಗ್ಗೆ ಇವತ್ತಿಗೂ ಮಾಡುತ್ತಾರೆ.

ಇದಕ್ಕಿಂತ ಪೂರ್ತಿ ಮರೆತುಹೋದದ್ದು ಇನ್ನೊಂದಿದೆ, ಅದೂ ಅದೇ ಕಂಠೀರವದಲ್ಲಿ. 2004ರ ಡಿಸೆಂಬರ್ 5, ಫೆಡರೇಷನ್ ಕಪ್ ಫೈನಲ್. ಗೋವಾದ ಡೆಂಪೊ, ಕೋಲ್ಕತ್ತದ ಮೋಹನ್ ಬಾಗಾನ್. ಡೆಂಪೊ 2-0ಯಿಂದ ಗೆದ್ದಿತು. ಎರಡೂ ಗೋಲು ಬ್ರೆಜಿಲ್‌ನ ಕ್ರಿಸ್ಟಿಯಾನೊ ಜೂನಿಯರ್ ಅವರದ್ದೇ. ಎರಡನೇ ಗೋಲು ಹೊಡೆದ ಕ್ಷಣದಲ್ಲೇ ಗೋಲ್‌ಕೀಪರ್ ಸುಬ್ರತಾ ಪಾಲ್ ಅವರಿಗೆ ಡಿಕ್ಕಿಯಾಗಿ ಬಿದ್ದರು. ಮತ್ತೆ ಏಳಲಿಲ್ಲ. ಆಸ್ಪತ್ರೆಗೆ ಸಾಗಿಸಿದರೂ ಉಳಿಯಲಿಲ್ಲ. ಅವರಿಗೆ 25 ವರ್ಷ. ಗೋಲ್‌ಕೀಪರ್‌ಗೆ ಇನ್ನೂ 18 ತುಂಬಿರಲಿಲ್ಲ. ಅವರಿಗೆ ಎರಡು ತಿಂಗಳ ಅಮಾನತು ಆಯಿತು. ಆಮೇಲೆ ಅವರು ಭಾರತ ತಂಡದ ಕೀಪರ್ ಆಗಿ ದೊಡ್ಡ ಹೆಸರು ಮಾಡಿದರು. ಆ ಹುಡುಗನನ್ನು ಇಲ್ಲಿ ಕಟಕಟೆಗೆ ಹತ್ತಿಸೋದು ನನ್ನ ಉದ್ದೇಶವಲ್ಲ. ಒಂದು ಗೋಲನ್ನು ಇಷ್ಟು ವರ್ಷ ನೆನಪಿಟ್ಟುಕೊಳ್ಳುವ ನಾವು ಒಂದು ಸಾವನ್ನು ಯಾಕೆ ಇಷ್ಟು ಬೇಗ ಮರೆತೆವು ಅನ್ನೋದು ನನ್ನ ಪ್ರಶ್ನೆ.

ಯಾಕೆಂದರೆ ಈ ಆಟದ ನಿಯಮ ಶುರುವಾಗಿದ್ದೇ ಮೈಗೆ ಬೀಳುವ ಪೆಟ್ಟಿನಿಂದ. 1863ರಲ್ಲಿ ಲಂಡನ್ನಿನಲ್ಲಿ ಕ್ಲಬ್ಬುಗಳು ಸೇರಿ ನಿಯಮ ಬರೆಯಲು ಕೂತಾಗ ದೊಡ್ಡ ಜಗಳ ಆದದ್ದು ಎದುರಾಳಿಯ ಕಾಲಿಗೆ ಬೇಕಂತಲೇ ಒದೆಯಬಹುದೋ ಬೇಡವೋ ಅಂತ. ಒದೆಯದಿದ್ದರೆ ಅದೆಂಥ ಗಂಡಸರ ಆಟ ಅಂದ ಬ್ಲ್ಯಾಕ್‌ಹೀತ್ ಕ್ಲಬ್ ಎದ್ದು ಹೊರಟೇಹೋಯಿತು. ಉಳಿದವರು ಒದೆಯುವಂತಿಲ್ಲ ಅಂತ ಬರೆದರು.

ತೀರ್ಪು ಕೊಡುವವರು ಬಂದದ್ದು ನಿಧಾನಕ್ಕೆ. ಮೊದಮೊದಲು ಎರಡೂ ಕಡೆಯವರು ಒಬ್ಬೊಬ್ಬ ಅಂಪೈರ್ ಕರೆತರುತ್ತಿದ್ದರು, ಅವರಿಬ್ಬರಿಗೆ ಹೊಂದಾಣಿಕೆ ಆಗದಿದ್ದರೆ ಮಾತ್ರ ಹೊರಗೆ ನಿಂತ ರೆಫ್ರಿಯನ್ನು ಕೇಳಬೇಕಿತ್ತು. ಇದು ಹುಣಸೂರು ಕಡೆಯ ಹಳ್ಳಿಯವನಾದ ನನಗೆ ಹೊಸದೇನಲ್ಲ. ಅಲ್ಲಿಂದ ಕೆ.ಆರ್. ನಗರದವರೆಗೆ, ಆ ಕಡೆ ಎಚ್.ಡಿ. ಕೋಟೆವರೆಗೆ, ಹಳ್ಳಿ ಕ್ರಿಕೆಟ್ಟಿನಲ್ಲಿ ಬ್ಯಾಟಿಂಗ್ ಮಾಡೋರ ಕಡೆಯವನೇ ಅಂಪೈರು. ಎಲ್‌ಬಿಡಬ್ಲ್ಯೂ ಅನ್ನೋದು ಇಲ್ಲವೇ ಇಲ್ಲ, ಕೊಡೋರು ಯಾರು ಹೇಳಿ! ಫುಟ್‌ಬಾಲ್ ನೋಡಬೇಕು ಅಂದರೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೇ ಹೋಗಬೇಕು, ಅದು ಟಿಬೆಟನ್ನರ ಮೆಚ್ಚಿನ ಆಟ. 1891ರಲ್ಲಿ ರೆಫ್ರಿ ಮೈದಾನದೊಳಗೆ ಬಂದರು. ಪೆನಾಲ್ಟಿ ಕಿಕ್ ಬಂದದ್ದೂ ಅದೇ ವರ್ಷ.

ಹಳದಿ, ಕೆಂಪು ಕಾರ್ಡುಗಳ ಕಥೆಯೂ ಅಷ್ಟೇ. 1962ರ ವಿಶ್ವಕಪ್‌ನಲ್ಲಿ ಚಿಲಿ, ಇಟಲಿ ಆಟಗಾರರು ಕೈಕೈ ಮಿಲಾಯಿಸಿದ ಪಂದ್ಯಕ್ಕೆ ಇಂಗ್ಲೆಂಡಿನ ಕೆನ್ ಆಸ್ಟನ್ ರೆಫ್ರಿ. 1966ರಲ್ಲಿ ಇಂಗ್ಲೆಂಡ್-ಅರ್ಜೆಂಟೀನಾ ಪಂದ್ಯದಲ್ಲಿ ಯಾರಿಗೆ ಏನು ಶಿಕ್ಷೆ ಅನ್ನೋದೇ ಗೊಂದಲವಾಯಿತು. ಲಂಡನ್ನಿನ ಟ್ರಾಫಿಕ್ ಸಿಗ್ನಲ್‌ನಲ್ಲಿ ನಿಂತಿದ್ದಾಗ ಆಸ್ಟನ್‌ಗೆ ಬಣ್ಣದ ಕಾರ್ಡಿನ ಉಪಾಯ ಹೊಳೆಯಿತು. 1970ರ ವಿಶ್ವಕಪ್‌ನಲ್ಲಿ ಅದು ಜಾರಿಗೆ ಬಂತು.

ಕಾರ್ಡು ಬಂದ ಮಾತ್ರಕ್ಕೆ ಕಣ್ಣು ಬರಲಿಲ್ಲ. 1982ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಪಶ್ಚಿಮ ಜರ್ಮನಿಯ ಕೀಪರ್ ಶುಮಾಕರ್ ಡಿಕ್ಕಿ ಹೊಡೆದ ರಭಸಕ್ಕೆ ಫ್ರಾನ್ಸಿನ ಬ್ಯಾಟಿಸ್ಟನ್ ಪ್ರಜ್ಞೆ ತಪ್ಪಿ ಬಿದ್ದರು, ಹಲ್ಲು ಉದುರಿದವು. ರೆಫ್ರಿ ಫೌಲ್ ಕೂಡ ಕೊಡಲಿಲ್ಲ, ಗೋಲ್ ಕಿಕ್ ಕೊಟ್ಟರು! ಹಿಂದಿನಿಂದ ಬಂದು ಅಪಾಯವಾಗುವಂತೆ ಕಾಲು ಹಾಕಿದರೆ ನೇರ ಕೆಂಪು ಕಾರ್ಡು ಅಂತ ಸ್ಪಷ್ಟವಾಗಿ ಬರೆದದ್ದು 1998ರಲ್ಲಿ. ಈಗ ಅಳತೆ ಹೀಗಿದೆ: ಅಜಾಗರೂಕತೆಗೆ ಫೌಲ್ ಮಾತ್ರ, ಎದುರಾಳಿಗೆ ಅಪಾಯ ಅಂತ ಲೆಕ್ಕಿಸದೆ ನುಗ್ಗಿದರೆ ಹಳದಿ, ಮಿತಿಮೀರಿದ ಬಲ ಹಾಕಿದರೆ ಕೆಂಪು. ‘ನಾನು ಮೊದಲು ಚೆಂಡಿಗೇ ಒದ್ದೆ ಸಾರ್’ ಅನ್ನೋದು ಇದರಿಂದ ಪಾರುಮಾಡಲ್ಲ.

ಇನ್ನು ಡೈವಿಂಗ್, ಅಂದರೆ ಮುಟ್ಟದೇ ಇದ್ದರೂ ಪೆಟ್ಟಾದ ಹಾಗೆ ಬೀಳೋದು. ರೆಫ್ರಿಯನ್ನು ಏಮಾರಿಸುವ ಈ ನಾಟಕಕ್ಕೆ ಹಳದಿ ಕಾರ್ಡು ಅಂತ ನಿಯಮ ಪುಸ್ತಕದಲ್ಲಿ ಸ್ಪಷ್ಟವಾಗಿ ಸೇರಿದ್ದು 1999ರಲ್ಲಿ. ಒದೆಯಬೇಡಿ ಅಂತ ಬರೆದು 136 ವರ್ಷ ಆದ ಮೇಲೆ. ನಾವು ಡೈವಿಂಗನ್ನು ಬೈಯೋದು ಪುಕ್ಕಟೆ ಪೆನಾಲ್ಟಿ ಸಿಗುತ್ತೆ ಅಂತ. ನನ್ನ ಪ್ರಕಾರ ನಷ್ಟ ಅದಲ್ಲ. ಹತ್ತು ಜನ ಸುಮ್ಮನೆ ಬಿದ್ದು ಹೊರಳಾಡಿದರೆ, ಹನ್ನೊಂದನೆಯವನು ನಿಜವಾಗಿ ಬಿದ್ದಾಗ ಗ್ಯಾಲರಿಯಿಂದ ‘ಏಳೋ, ನಾಟಕ ಸಾಕು’ ಅಂತ ಕೂಗು ಬರುತ್ತೆ. ತೋಳ ಬಂತು ತೋಳ ಅಂತ ಕೂಗಿದ ಹುಡುಗನ ಕಥೆ ಇದೇ, ಆದರೆ ಇಲ್ಲಿ ಸುಳ್ಳು ಹೇಳಿದವನೇ ಬೇರೆ, ಪೆಟ್ಟು ತಿನ್ನುವವನೇ ಬೇರೆ.

ಜಗಳ ಗ್ಯಾಲರಿಗೆ ಹತ್ತಿದರೆ ಏನಾಗುತ್ತೆ ಅನ್ನೋದಕ್ಕೂ ಚರಿತ್ರೆ ಇದೆ. 1980ರ ಆಗಸ್ಟ್ 16ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಈಸ್ಟ್ ಬೆಂಗಾಲ್-ಮೋಹನ್ ಬಾಗಾನ್ ಪಂದ್ಯ. ಇಬ್ಬರು ಆಟಗಾರರ ನಡುವಿನ ಫೌಲ್, ತಳ್ಳಾಟ ಪ್ರೇಕ್ಷಕರ ಹೊಡೆದಾಟವಾಗಿ, ನೂಕುನುಗ್ಗಲಲ್ಲಿ 16 ಜನ ಸತ್ತರು. ಪಂದ್ಯ ನೋಡಿ ಮನೆಗೆ ಹೋಗಬೇಕಾಗಿದ್ದವರು ಅವರು.

ಹಾಗಂತ ವಾದ ಬಿಡಿ ಅಂತ ನಾನು ಹೇಳಲ್ಲ. ವಾದ ಇಲ್ಲದಿದ್ದರೆ ಇವತ್ತಿಗೂ ಮೊಣಕಾಲಿಗೆ ಒದೀತಾ ಇರುತ್ತಿದ್ದರು. ವಾದದಲ್ಲಿ ಯಾವುದು ಮೊದಲು ಅನ್ನೋದಷ್ಟೇ ಮಾತು. 1863ರವರು ಮೊದಲು ಕಾಲು ಉಳಿಸಿದರು, ಮಿಕ್ಕದ್ದನ್ನು ಆಮೇಲೆ ನೋಡಿಕೊಂಡರು. ಛೆಟ್ರಿ ಗೋಲು ಸರಿಯೋ ತಪ್ಪೋ, ಅವತ್ತು ಎರಡೂ ತಂಡದವರು ತಮ್ಮ ಕಾಲ ಮೇಲೆ ತಾವೇ ನಡೆದು ಆಚೆ ಹೋದರು. ಅದಕ್ಕೆ ಹದಿನೆಂಟು ವರ್ಷಗಳ ಹಿಂದೆ ಅದೇ ಹುಲ್ಲಿನ ಮೇಲೆ ಗೋಲು ಹೊಡೆದವರೊಬ್ಬರಿಗೆ ಅಷ್ಟೂ ಆಗಲಿಲ್ಲ.