ಕಾರೆಕಾಯಿಯ ಮೀನು ವಿಷವೇ?

ಬಹಳ ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಸಾರ್, ಕಾರೆಕಾಯಿ ಹಾಕಿ ಹಿಡಿದ ಮೀನು ತಿಂದರೆ ಏನೂ ಆಗುವುದಿಲ್ಲ ಎಂದು ಅಜ್ಜಿ ಹೇಳುತ್ತಾರೆ, ನಿಜವೇ?" ಎಂದು ಕೇಳಿದ್ದ. "ವಿಷದಿಂದ ಸತ್ತ ಮೀನು ವಿಷವಲ್ಲದೆ ಅಮೃತವೇ? ಕುಳಿತುಕೋ" ಎಂದೆ. ತರಗತಿ ನಕ್ಕಿತು. ನನ್ನ ಉತ್ತರ ತಪ್ಪಾಗಿತ್ತೆಂದು ತಿಳಿದದ್ದು ನಿವೃತ್ತಿಯ ನಂತರ.

ದಕ್ಷಿಣ ಕನ್ನಡದ ಘಟ್ಟದ ತಪ್ಪಲಿನಲ್ಲಿ, ಬೇಸಿಗೆಗೆ ಹೊಳೆಯ ಹರಿವು ನಿಂತು ಗುಂಡಿಗಳಷ್ಟೇ ಉಳಿದಾಗ, ಕಾರೆಕಾಯಿಯನ್ನು ಜಜ್ಜಿ ನೀರಿನಲ್ಲಿ ಕದಡುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಮೀನುಗಳು ಅಮಲೇರಿದಂತೆ ಮೇಲೆ ಬರುತ್ತಿದ್ದವು. ಕರುಳು, ಕಿವಿರು ತೆಗೆದು ಚೆನ್ನಾಗಿ ತೊಳೆದರೆ ದೋಷವಿಲ್ಲವೆಂಬುದು ಹಿರಿಯರ ನಂಬಿಕೆ. ಕಾಕಮಾರಿ ಬೀಜ ಹಾಕಿದ ಮೀನಿನ ಬಗ್ಗೆ ಮಾತ್ರ ಅವರಿಗೂ ಅನುಮಾನವಿತ್ತು.

ಈ ಭೇದ ಸಕಾರಣವಾದುದು. ಕಾರೆಕಾಯಿಯಲ್ಲಿ ನೊರೆಗಟ್ಟುವ ಸಪೋನಿನ್ ಎಂಬ ವಸ್ತುವಿದೆ. ಅದು ಕಿವಿರನ್ನು ಕೆಡಿಸಿ ಮೀನಿನ ಉಸಿರು ಕಟ್ಟಿಸುತ್ತದೆ. ಮನುಷ್ಯನ ಕರುಳಿನಿಂದ ರಕ್ತಕ್ಕೆ ಸೇರುವುದು ತೀರ ಅಲ್ಪ. (ಹಾಗೆಂದು ಕಾಯನ್ನೇ ತಿನ್ನಬಾರದು. ಆಯುರ್ವೇದದಲ್ಲಿ ವಾಂತಿ ಮಾಡಿಸಲು ಬಳಸುವ ಮದನಫಲ ಇದೇ!) ಕಾಕಮಾರಿಯ ಮಾತು ಬೇರೆ. 1812ರಲ್ಲಿ ಫ್ರಾನ್ಸಿನ ಬುಲೇ ಅದರಿಂದ ಬೇರ್ಪಡಿಸಿದ ಪಿಕ್ರೊಟಾಕ್ಸಿನ್ ನರಮಂಡಲಕ್ಕೇ ತಗಲುವ ವಿಷ. ಮನುಷ್ಯನಿಗೂ ಸೆಳವು ತರಿಸುತ್ತದೆ. ನಮ್ಮ ದೇಶದಿಂದ ಹಡಗೇರಿ ಹೋದ ಈ ಬೀಜವನ್ನು ಇಂಗ್ಲೆಂಡಿನಲ್ಲಿ ಬಿಯರಿಗೆ ಅಮಲು ಹೆಚ್ಚಿಸಲು ಕದ್ದು ಬೆರೆಸುತ್ತಿದ್ದರು. 1816ರಲ್ಲಿ ಅಲ್ಲಿನ ಪಾರ್ಲಿಮೆಂಟು, ಬಿಯರು ತಯಾರಕರು ಅದನ್ನು ಇಟ್ಟುಕೊಳ್ಳುವುದನ್ನೇ ನಿಷೇಧಿಸಿತು.

ಭಾರತದಲ್ಲಿ ಸರಕಾರದ ಗಮನ ಹರಿದದ್ದು ಬೇರೆ ಕಾರಣದಿಂದ. ಮದರಾಸು ಸೈನ್ಯದ ವೈದ್ಯರಾಗಿದ್ದ ಫ್ರಾನ್ಸಿಸ್ ಡೇ, ಸಿಹಿನೀರಿನ ಮೀನುಗಳ ಕುರಿತ ತಮ್ಮ 1873ರ ವರದಿಯಲ್ಲಿ, ನೀರಿಗೆ ವಿಷ ಹಾಕಿದರೆ ಮರಿಮೀನುಗಳೂ ನಾಶವಾಗುವುದನ್ನು ಎತ್ತಿ ಹೇಳಿದರು. 1897ರ ಭಾರತ ಮೀನುಗಾರಿಕಾ ಕಾಯಿದೆಯ 5ನೆಯ ಕಲಮು, ಮೀನು ಹಿಡಿಯಲು ನೀರಿಗೆ ವಿಷವನ್ನಾಗಲಿ ಸುಣ್ಣವನ್ನಾಗಲಿ ಹಾಕುವುದನ್ನು ಅಪರಾಧವೆಂದು ಸಾರಿ, 2 ತಿಂಗಳವರೆಗೆ ಸಜೆ ಅಥವಾ 200 ರೂಪಾಯಿವರೆಗೆ ದಂಡ ಗೊತ್ತುಪಡಿಸಿತು. ಕಾಯಿದೆಗೆ ಇದ್ದದ್ದು ಮೀನಿನ ಸಂತತಿಯ ಚಿಂತೆ, ತಿನ್ನುವವನ ಹೊಟ್ಟೆಯದಲ್ಲ. ಆ ಚಿಂತೆ ನ್ಯಾಯವಾದುದೆಂದೇ ನನ್ನ ಅಭಿಪ್ರಾಯ. ಒಂದು ಊಟಕ್ಕಾಗಿ ಇಡೀ ಗುಂಡಿಯನ್ನು ಬರಿದು ಮಾಡುವುದನ್ನು ನಾನು ಸಮರ್ಥಿಸಲಾರೆ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಆಮೇಲಿನ ಕಥೆ. ತೋಟಗಳಿಗೆ ಕೀಟನಾಶಕಗಳು ಬಂದವು. ಕಾಡು ಅಲೆದು ಕಾಯಿ ತಂದು ಜಜ್ಜುವ ಶ್ರಮವೇಕೆಂದು ಕೆಲವರು ಅದೇ ಡಬ್ಬಿಯನ್ನು ಹೊಳೆಗೆ ಸುರಿದರು. ಕಾಯಿ ಹೋಯಿತು, ಕರುಳು ತೆಗೆದು ತೊಳೆದರೆ ಸಾಕೆಂಬ ನಂಬಿಕೆ ಮಾತ್ರ ಉಳಿಯಿತು. ಸುಪ್ರೀಂ ಕೋರ್ಟು 2011ರಲ್ಲಿ ತಡೆದ ಎಂಡೋಸಲ್ಫಾನಿನಂಥ ವಿಷ ಮೀನಿನ ಮಾಂಸದ ಕೊಬ್ಬಿನಲ್ಲೇ ಸೇರಿಕೊಳ್ಳುತ್ತದೆ. ಎಷ್ಟು ತೊಳೆದರೂ ಹೋಗುವುದಿಲ್ಲ. ಅಂದು ನಾನು ನಗಿಸುವ ಬದಲು ಯಾವ ವಿಷವೆಂದು ಮರಳಿ ಕೇಳಿದ್ದರೆ, ಇಡೀ ತರಗತಿಗೆ ಇಷ್ಟನ್ನೂ ತಿಳಿಸಬಹುದಿತ್ತು.

ಆ ಹುಡುಗನಿಗೆ ಈಗ ಬೆಳೆದ ಮಕ್ಕಳಿರಬೇಕು. ಇದು ಅವನ ಕಣ್ಣಿಗೆ ಬಿದ್ದರೆ ತಿಳಿಯಲಿ: ಕಾರೆಕಾಯಿಯ ಮಟ್ಟಿಗೆ ನಿನ್ನ ಅಜ್ಜಿ ಹೇಳಿದ್ದು ಸರಿಯಪ್ಪಾ. ಡಬ್ಬಿಯ ವಿಷಕ್ಕೆ ಸತ್ತ ಮೀನನ್ನು ಮಾತ್ರ ಮನೆಯೊಳಗೆ ತರಬೇಡ.